ಹಲ್ಲಿಯ ಹಾಗೆ ನುಡಿದ ಡಬ್ಬ

ನನಗೆ ಕಂಪ್ಯೂಟರ್ ವಿದ್ಯೆ ಗೊತ್ತು ಎಂದು ನಮ್ಮ ಮನೆಯವರು ನಂಬಿದ್ದಕ್ಕೆ ಕಾರಣ ನನ್ನ ಗಂಟಲು. ಮೊಬೈಲಿನಲ್ಲಿ ಹೊಸ ಸಾಮಾನು ಬಿಚ್ಚಿ ತೋರಿಸುತ್ತಾ ಒಂದೇ ಉಸಿರಿಗೆ ಮಾತಾಡುವ ಹುಡುಗರಿರುತ್ತಾರಲ್ಲ, ಅವರ ಧಾಟಿ ನನಗೆ ಚೆನ್ನಾಗಿ ಬರುತ್ತದೆ. “ಹಾಯ್ ಗೆಳೆಯರೇ, ಇವತ್ತು ನಮ್ಮ ಜೊತೆ ಒಂದು ಭರ್ಜರಿ ಐಟಂ ಇದೆ” ಎಂದು ಶುರು ಮಾಡಿದರೆ ಅಮ್ಮನ ಒಗ್ಗರಣೆ ಸೌಟನ್ನೂ ಬಿಡದೆ ವಿಮರ್ಶೆ ಮಾಡಬಲ್ಲೆ. ಪ್ರೊಸೆಸರ್, ಬ್ಯಾಂಡ್‌ವಿಡ್ತ್ ಎಂಬ ಮಾತುಗಳು ಬಾಯಿಂದ ಉದುರುವುದಕ್ಕೆ ಅವುಗಳ ಅರ್ಥ ಗೊತ್ತಿರಬೇಕು ಎಂಬ ಕಾನೂನೇನೂ ಇಲ್ಲ. ನಮ್ಮ ಪುರೋಹಿತರ ಮಂತ್ರವನ್ನೂ ನಾನು ಹಾಗೇ ಹೇಳುತ್ತೇನೆ. ಕೇಳಿದವರು ಕೈ ಮುಗಿಯುತ್ತಾರೆ.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಮನೆ. ಮುಂದಿನ ಅರ್ಧದಲ್ಲಿ ನಾವು, ಹಿಂದಿನ ಅರ್ಧದಲ್ಲಿ ಪವರ್‌ಲೂಮ್‌ಗಳು, ನಡುವೆ ಇದ್ದೂ ಇಲ್ಲದಂಥ ಒಂದು ಗೋಡೆ. ಆ ಸದ್ದಿನಲ್ಲಿ ಹುಟ್ಟಿದವರು ಮಾತನ್ನು ಕಿವಿಯಿಂದ ಕೇಳುವುದಿಲ್ಲ, ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ನಾನು ಮಿಮಿಕ್ರಿ ಕಲಿತದ್ದೂ ಹಾಗೆಯೇ, ಮೊದಲು ಮುಖ, ಆಮೇಲೆ ದನಿ. ಅಪ್ಪನನ್ನು ಅಣಕಿಸಲು ದನಿಯೇ ಬೇಕಿಲ್ಲ. ಕೆಳದುಟಿಯನ್ನು ಸ್ವಲ್ಪ ಮುಂದಕ್ಕೆ ಚಾಚಿ, ಗಾಳಿಯಲ್ಲೇ ಒಂದು ತುಂಡಾದ ಎಳೆಗೆ ಗಂಟು ಹಾಕಿದರೆ ಸಾಕು, ಬೀದಿಯವರೆಲ್ಲ ನಗುತ್ತಾರೆ. ಅಪ್ಪ ಮಾತ್ರ ನಗುವುದಿಲ್ಲ. ಅಣಕ ಸರಿಯಾಗಿ ಬಂದಿದೆ ಎಂಬುದಕ್ಕೆ ಅದೇ ಸಾಕ್ಷಿ.

ಮನೆಯಲ್ಲಿ ನಿಜವಾಗಿ ವಿದ್ಯೆ ಇರುವವಳು ಅಕ್ಕ. ಸೀರೆಯ ಅಂಚು, ಸೆರಗು, ಒಡಲಿನ ಬುಟ್ಟ ಎಲ್ಲವನ್ನೂ ಅವಳು ಕಂಪ್ಯೂಟರಿನಲ್ಲಿ ಬಿಡಿಸುತ್ತಾಳೆ. ಅದನ್ನು ಪೆನ್‌ಡ್ರೈವಿಗೆ ಹಾಕಿ ಮಗ್ಗದ ಮೇಲಿರುವ ಜಕಾರ್ಡಿಗೆ ಕೊಟ್ಟರೆ, ಅದು ಯಾವ ಎಳೆ ಎತ್ತಬೇಕೋ ಅದನ್ನು ಎತ್ತಿ ಹೂವು ನೇಯುತ್ತದೆ. ಸೂಲಿಬೆಲೆಯ ಹಸು ಕಟ್ಟಿದ ಮನೆಗೆ ಮದುವೆಯಾಗಿ ಹೋದ ಮೇಲೂ ಅವಳು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು, ನಾಲ್ಕು ದಿನ ಕುಳಿತು ಡಿಸೈನ್ ಮಾಡಿಟ್ಟು ಹೋಗುತ್ತಿದ್ದಳು. ಅವಳು ಬಿಡಿಸಿದ್ದೆಲ್ಲ ಇದ್ದದ್ದು ದೇವರ ಗೂಡಿನ ಪಕ್ಕದ ಶೆಲ್ಫಿನ ಒಂದು ಕಪ್ಪು ಡಬ್ಬದಲ್ಲಿ. ಮನೆಯ ವೈಫೈಗೆ ಸೇರಿಸಿದ, ಒಳಗೆ ಎರಡು ಹಾರ್ಡ್ ಡಿಸ್ಕ್ ಇರುವ ಸ್ಟೋರೇಜ್ ಡಬ್ಬ ಅದು. ತಾತ ಗ್ರಾಫ್ ಹಾಳೆಯ ಮೇಲೆ ಚೌಕ ಚೌಕ ತುಂಬಿ ಬಿಡಿಸಿದ್ದ ಹಳೆಯ ಅಂಚುಗಳನ್ನೂ ಅಕ್ಕ ಸ್ಕ್ಯಾನ್ ಮಾಡಿ ಅದರಲ್ಲೇ ಇಟ್ಟಿದ್ದಳು. ಹಾಳೆಗಳನ್ನು ಆಮೇಲೆ ಗೆದ್ದಲು ತಿಂದಿತು. ಹಾಗಾಗಿ ತಾತನ ಕೈ ಈಗ ಉಳಿದಿರುವುದು ಆ ಡಬ್ಬದಲ್ಲಿ ಮಾತ್ರ.

ಆಯುಧಪೂಜೆಯ ದಿನ ನಮ್ಮ ಬೀದಿ ಗುರುತು ಸಿಗುವುದಿಲ್ಲ. ಅಷ್ಟೂ ಮನೆಯ ಮಗ್ಗಗಳು ನಿಂತಿರುತ್ತವೆ. ಉಳಿದ ದಿನ ಮಗ್ಗ ನಿಂತಿತೆಂದರೆ ಕರೆಂಟ್ ಹೋಗಿದೆ ಎಂದರ್ಥ, ಆಗ ಮನೆಯ ಎಲ್ಲವೂ ಒಟ್ಟಿಗೆ ಸಾಯುತ್ತದೆ. ಕರೆಂಟ್ ಇದ್ದೂ ಮಗ್ಗ ಸುಮ್ಮನಿರುವುದು ವರ್ಷಕ್ಕೆ ಆ ಹಬ್ಬದಲ್ಲಿ ಮಾತ್ರ. ಕಳೆದ ಹಬ್ಬದಲ್ಲಿ ಅಮ್ಮ ಮಗ್ಗಗಳಿಗೆ ವಿಭೂತಿ ಬಳಿದು, ಸೇವಂತಿಗೆ ಮುಡಿಸಿ, ಉಳಿದ ಹೂವನ್ನು ವೈರಿರುವ ಸಾಮಾನುಗಳಿಗೆಲ್ಲ ಹಂಚಿದ್ದಳು. ಮಿಕ್ಸಿಗೆ ಒಂದು, ವೈಫೈ ಪೆಟ್ಟಿಗೆಗೆ ಒಂದು, ಅಕ್ಕನ ಡಬ್ಬಕ್ಕೆ ಒಂದು ಹಿಡಿ. ನನ್ನ ತಲೆಯ ಮೇಲೂ ಒಂದು ಇಟ್ಟಳು. “ಇದೂ ಒಂದ್ ಮಿಷಿನ್ನೇ, ಆಫ್ ಮಾಡೋ ಸ್ವಿಚ್ ಮಾತ್ರ ಇಲ್ಲ” ಎಂದಳು.

ಪೂಜೆ ಮುಗಿದು, ಕುಂಬಳಕಾಯಿ ಒಡೆದು, ಕಡ್ಲೆಪುರಿ ತಿನ್ನುತ್ತಾ ಕುಳಿತಿದ್ದೆವು. ಅಪ್ಪ ಹೇಳಿದ, “ಈ ವರ್ಷ ಡಿಸೈನು ಚೆನ್ನಾಗಿ ಓಡುತ್ತೆ.”

ಟಿಕ್ ಟಿಕ್ ಟಿಕ್ ಎಂದಿತು ದೇವರ ಗೂಡಿನ ಕಡೆಯಿಂದ.

ಅಮ್ಮ ತಕ್ಷಣ ನೆಲಕ್ಕೆ ಬೆರಳು ಕುಟ್ಟಿದಳು. “ಕೃಷ್ಣ ಕೃಷ್ಣ. ನೋಡಿ, ಹಲ್ಲಿ ನುಡೀತು. ನಿಜ ಆಗುತ್ತೆ.”

ಅಪ್ಪನ ಮುಖ ಅರಳಿತು. ಹಲ್ಲಿ ಮತ್ತೆ ನುಡಿಯಿತು. ಮತ್ತೆ ನುಡಿಯಿತು. ನಿಲ್ಲಿಸಲೇ ಇಲ್ಲ. ಅಪ್ಪನ ಮಾತಿಗೆ ಇಷ್ಟು ಒಪ್ಪಿಗೆ ಯಾವತ್ತೂ ಸಿಕ್ಕಿರಲಿಲ್ಲವಾದ್ದರಿಂದ ಅಮ್ಮನಿಗೇ ಅನುಮಾನ ಬಂತು. ಹಬ್ಬಕ್ಕೆ ಬಂದಿದ್ದ ಅಕ್ಕ ಎದ್ದು ಹೋಗಿ ಶೆಲ್ಫಿಗೆ ಕಿವಿ ಕೊಟ್ಟಳು. ಕಡ್ಲೆಪುರಿ ಅವಳ ಅಂಗೈಯಲ್ಲೇ ಉಳಿಯಿತು.

“ಹಲ್ಲಿ ಅಲ್ಲ. ಡಬ್ಬ.”

ಅವಳ ಮುಖ ನೋಡಿದ ಮೇಲೆ ಯಾರೂ ಕುರುಕುರು ಎನ್ನಿಸಲಿಲ್ಲ. ಅಪ್ಪ ನನ್ನ ಕಡೆ ತಿರುಗಿದ. “ಲೇ, ಏನ್ಲಾ ಅದು?”

ನಾನು ವಿಮರ್ಶಕನ ದನಿಯಲ್ಲಿ, “ನೋಡಿ ಗೆಳೆಯರೇ, ಹಾರ್ಡ್ ಡಿಸ್ಕ್ ಟಿಕ್ ಅಂದ್ರೆ ಟಿಕೆಟ್ ತಗೊಂಡಿದೆ ಅಂತ” ಎಂದುಬಿಟ್ಟೆ. ಎಲ್ಲೋ ಕೇಳಿದ್ದು. ಅಕ್ಕ ನಗಲಿಲ್ಲ.

“ಅಪ್ಪ, ಇನ್ನೊಂದು ಡಬ್ಬ ತಗೊಳ್ಳಣ” ಎಂದಳು. “ಚೀಪ್ ಆಗಿರೋದೇ ಇರ್ಲಿ. ಎಲ್ಲಾ ಅದಕ್ಕೂ ಕಾಪಿ ಮಾಡಿ, ಅದನ್ನ ಸೂಲಿಬೆಲೇಲಿ ಇಡ್ತೀನಿ. ಒಂದೇ ಮನೇಲಿ ಎರಡೂ ಇದ್ರೆ ಬೆಂಕಿಗೋ ಕಳ್ಳನಿಗೋ ಒಟ್ಟಿಗೆ ಹೋಗ್ತವೆ. ಅಲ್ಲಿದ್ರೆ ನಾನು ಅಲ್ಲೇ ಕೂತು ಕೆಲಸಾನೂ ಮಾಡ್ಬೋದು. ತಿಂಗ್‌ತಿಂಗ್ಳು ಹಸು ಬಿಟ್ಟು ಬರೋದು ಕಷ್ಟ ಆಗ್ತಿದೆ.”

“ಡಬ್ಬ ತಗೋ. ಆದ್ರೆ ಮನೆ ಡಿಸೈನು ಹೊಸ್ತಿಲು ದಾಟಲ್ಲ.”

ಇದು ಅಪ್ಪನ ಮಾತಲ್ಲ, ನಮ್ಮೂರಿನ ಮಾತು. ಇಲ್ಲಿ ಒಂದು ಹೊಸ ಅಂಚು ಒಬ್ಬರ ಮಗ್ಗದಲ್ಲಿ ಕಣ್ಣು ಬಿಟ್ಟರೆ ಪಕ್ಕದ ಬೀದಿಯಲ್ಲಿ ಅದರ ತಮ್ಮ ಹುಟ್ಟಿರುತ್ತಾನೆ. ಅದಕ್ಕೇ ಗ್ರಾಫ್ ಹಾಳೆಯ ಕಾಲದಿಂದಲೂ ಡಿಸೈನನ್ನು ಯಾರ ಮನೆಗೂ ಕೊಂಡೊಯ್ಯುವುದಿಲ್ಲ. ತಾತ ಹಾಳೆಗಳನ್ನು ಹಾಸಿಗೆಯ ಕೆಳಗೆ ಹಾಸಿಕೊಂಡು ಮಲಗುತ್ತಿದ್ದನಂತೆ. ಇಂಟರ್‌ನೆಟ್‌ನಲ್ಲಿ ಇಡೋಣ ಎಂದು ಅಕ್ಕ ಹಿಂದೊಮ್ಮೆ ಕೇಳಿದಾಗ ಅಪ್ಪ, “ಯಾರ ಮನೆ ಬೀರು ಅದು? ಬೀಗದ ಕೈ ಯಾರತ್ರ ಇದೆ?” ಎಂದು ಕೇಳಿ ಮಾತು ಮುಗಿಸಿದ್ದ.

ಜಾಗದ ಜಗಳ ಹಾಗೇ ಇರಲಿ, ಡಬ್ಬ ಆರಿಸುವ ಕೆಲಸ ನನಗೆ ಬಿತ್ತು. “ಇವನಿಗೆ ಎಲ್ಲಾ ಗೊತ್ತಲ್ಲ” ಎಂದ ಅಪ್ಪ. ಬಜೆಟ್ಟನ್ನೂ ಅವನೇ ಹೇಳಿದ. “ಒಂದು ಮಗ್ಗದ ಮೋಟಾರ್ ರಿವೈಂಡಿಂಗಿಗೆ ಏನ್ ಕೊಡ್ತೀವೋ ಅದ್ರೊಳಗೆ ಮುಗ್ಸು.”

ನಾನು ಮೊಬೈಲ್ ಹಿಡಿದು ಕುಳಿತೆ. ಅಣಕಿಸಲು ನೋಡುತ್ತಿದ್ದ ವಿಡಿಯೋಗಳನ್ನು ಮೊದಲ ಸಲ ಅರ್ಥಕ್ಕಾಗಿ ನೋಡಿದೆ, ಏನೂ ಸಿಗಲಿಲ್ಲ. ಒಬ್ಬ ಹೇಳಿದ, ಒಂದು ಡಿಸ್ಕಿನ ಡಬ್ಬ ತಗೊಳ್ಳುವವನು ಮೂರ್ಖ. ಇನ್ನೊಬ್ಬ ಹೇಳಿದ, ಎರಡನೇ ಡಬ್ಬಕ್ಕೂ ಎರಡು ಡಿಸ್ಕ್ ಹಾಕುವವನು ಮೂರ್ಖ. ಮೂರನೆಯವನು, ಡಬ್ಬವೇ ಬೇಡ, ಮೂಲೆಗೆ ಬಿದ್ದ ಹಳೇ ಕಂಪ್ಯೂಟರನ್ನೇ ಡಬ್ಬ ಮಾಡಬಹುದು ಎಂದ. ನಮ್ಮ ಹಳೇ ಕಂಪ್ಯೂಟರಿನ ಮೇಲೆ ಅಮ್ಮ ನೂಲಿನ ಕೋನುಗಳನ್ನು ಜೋಡಿಸಿಟ್ಟಿದ್ದಳು. ಅದನ್ನು ಎತ್ತಲು ಹೋಗಿ ಬೈಸಿಕೊಂಡೆ. ಎರಡು ಡಿಸ್ಕ್ ಇದ್ದರೂ ಅದು ಬ್ಯಾಕಪ್ ಅಲ್ಲ ಎಂದು ಎಲ್ಲರೂ ಒಂದೇ ರಾಗದಲ್ಲಿ ಹೇಳುತ್ತಿದ್ದರು, ಯಾಕೆ ಅಲ್ಲ ಎಂಬುದು ಮಾತ್ರ ತಲೆಗೆ ಹೋಗಲಿಲ್ಲ. ಕೊನೆಗೆ ಅಕ್ಕನೇ ಹೇಳಿದಳು. “ಎರಡನೇ ಡಿಸ್ಕ್ ನಿನ್ ಥರ ಕಣೋ. ಮೊದಲನೇದು ಏನ್ ಮಾಡುತ್ತೋ ಅದನ್ನೇ ಮಾಡುತ್ತೆ. ನಾನು ತಪ್ಪಿ ಒಂದು ಡಿಸೈನ್ ಅಳಿಸಿದ್ರೆ ಅದೂ ಖುಷಿಯಾಗಿ ಅಳಿಸುತ್ತೆ. ಸ್ವಂತ ಬುದ್ಧಿ ಇಲ್ಲ.”

ಇಷ್ಟು ಚೆನ್ನಾಗಿ ನನ್ನನ್ನು ಯಾರೂ ವಿವರಿಸಿರಲಿಲ್ಲ.

ಅಕ್ಕ ಅಷ್ಟರಲ್ಲಿ ಕೈಗೆ ಸಿಕ್ಕ ಪೆನ್‌ಡ್ರೈವ್‌ಗಳಿಗೆಲ್ಲ ಡಿಸೈನ್ ತುಂಬುತ್ತಿದ್ದಳು. ತುಂಬಿದಷ್ಟೂ ಉಳಿಯುತ್ತಿತ್ತು, ಚೊಂಬಿನಲ್ಲಿ ಕೆರೆ ಖಾಲಿ ಮಾಡಿದ ಹಾಗೆ. ನಾನು ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ಯಾವ ಮಾತನ್ನೂ “ನೋಡು ಗುರು” ಎನ್ನದೆ ಶುರು ಮಾಡುವುದಿಲ್ಲ. ಅವನೆದುರಿಗೆ ಅವನ ದನಿಯಲ್ಲೇ ಮಾತಾಡಬಾರದು ಎಂದು ನಾಲಿಗೆ ಕಚ್ಚಿಕೊಂಡು ನಿಂತೆ.

“ನೋಡು ಗುರು, ಏನ್ ಪ್ರಾಬ್ಲಂ?”

“ಸ್ಟೋರೇಜ್ ಡಬ್ಬ ಕೂಗ್ತಿದೆ ಅಣ್ಣ.”

“ಹೆಂಗ್ ಕೂಗ್ತಿದೆ?”

ಕೂಗಿ ತೋರಿಸಿದೆ. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. “ಇನ್ನೊಂದ್ಸಲ ಮಾಡು.”

ಜೆರಾಕ್ಸಿಗೆ ನಿಂತಿದ್ದ ಇಬ್ಬರು ಇತ್ತ ತಿರುಗಿದರು. ಪ್ರೇಕ್ಷಕರು ಸಿಕ್ಕರೆ ನನ್ನನ್ನು ಹಿಡಿಯುವುದು ಕಷ್ಟ. ಈ ಸಲ ನಡುವೆ ಒಂದು ‘ಕರ್ರ್’ ಸೇರಿಸಿ, ಕೊನೆಗೆ ಸಣ್ಣ ನರಳಾಟ ಕೊಟ್ಟು ಮುಗಿಸಿದೆ. ಒಬ್ಬ ಭಲೇ ಎಂದ.

ಅಂಗಡಿಯವನ ಮುಖ ಗಂಭೀರವಾಯಿತು. “ನೋಡು ಗುರು, ಬರೀ ಟಿಕ್ ಟಿಕ್ ಅಂದ್ರೆ ಏನೂ ಆಗಿಲ್ದೇನೂ ಇರ್ಬೋದು. ಕರ್ರ್ ಬಂತು ಅಂದ್ರೆ ಕಥೆ ಮುಗೀತು. ಕರ್ರ್ ಇದ್ಯಾ, ಇಲ್ವಾ?”

ಆ ಕರ್ರ್ ಡಬ್ಬದ್ದೋ ನನ್ನದೋ ನನಗೇ ನೆನಪಿರಲಿಲ್ಲ.

“ಹೋಗ್ಲಿ, ಚೆನ್ನಾಗಿದ್ದಾಗ ಹೆಂಗ್ ಕೂಗ್ತಿತ್ತು?”

ಡಬ್ಬ ನಮ್ಮ ಮನೆಗೆ ಬಂದಾಗಿನಿಂದ ಮಗ್ಗದ ಸದ್ದಿನಲ್ಲೇ ಬದುಕಿದೆ. ಆರೋಗ್ಯವಾಗಿದ್ದಾಗ ಅದರ ದನಿ ಹೇಗಿತ್ತು ಎಂದು ನಮ್ಮಲ್ಲಿ ಯಾರೂ ಕೇಳಿಲ್ಲ. ಊರಿನವರನ್ನೆಲ್ಲ ಅಣಕಿಸುವ ನಾನು, ದಿನವೂ ಪಕ್ಕದಲ್ಲೇ ಕುಳಿತಿದ್ದ ಒಂದು ಡಬ್ಬದ ದನಿಗೆ ಕಿವಿ ಕೊಟ್ಟಿರಲಿಲ್ಲ.

ಅವನು ಒಂದು ಸಣ್ಣ ಡಬ್ಬ ತೋರಿಸಿ ಬೆಲೆ ಹೇಳಿದ. ಮೋಟಾರ್ ರಿವೈಂಡಿಂಗಿನ ಒಳಗೇ ಇತ್ತು. ಖುಷಿಯಾಗಿ ಪ್ಯಾಕ್ ಮಾಡಿ ಅಣ್ಣ ಎಂದೆ. ಆಗ ಅವನು ಮೆಲ್ಲಗೆ, “ಡಿಸ್ಕ್ ಬೇರೆ” ಎಂದ. ದೋಸೆ ಕೇಳಿದವನಿಗೆ ಹೆಂಚು ತಂದು ಮುಂದಿಟ್ಟು ಹಿಟ್ಟು ಬೇರೆ ಎಂದ ಹಾಗಾಯಿತು. ಡಿಸ್ಕಿನಲ್ಲೂ ದಿನವಿಡೀ ಓಡುವುದು ಬೇರೆಯಂತೆ, ಆಗಾಗ ಓಡುವುದು ಬೇರೆಯಂತೆ. ಸೆಕೆಂಡ್ ಹ್ಯಾಂಡ್ ಕೂಡ ಇತ್ತು, ಅದು ಎಷ್ಟು ಓಡಿದೆಯೋ ಅವನಿಗೂ ಗೊತ್ತಿಲ್ಲವಂತೆ. “ಯೋಚ್ನೆ ಮಾಡಿ ಬಾ ಗುರು” ಎಂದ. ಯೋಚನೆ ಮಾಡುತ್ತಲೇ ಮನೆಗೆ ಬಂದೆ, ಬರುವಾಗ ಇನ್ನೂ ದಡ್ಡನಾಗಿದ್ದೆ.

ಮನೆಯಲ್ಲಿ ಅಕ್ಕ ಡಬ್ಬವನ್ನು ಆಫ್ ಮಾಡಿ, ಹಿಂಬದಿಯ ಮುಚ್ಚಳ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಇಕ್ಕಳದಿಂದ ಫ್ಯಾನಿನ ಸಂದಿಯೊಳಗಿಂದ ಏನೋ ಎಳೆದಳು. ಹಳದಿ ಎಸಳು. ಸೇವಂತಿಗೆ. ಒಂದಾದ ಮೇಲೊಂದು ಬಂದವು, ಜಾದೂಗಾರ ಬಾಯಿಂದ ರಿಬ್ಬನ್ ತೆಗೆದ ಹಾಗೆ.

ಎಲ್ಲರೂ ಅಮ್ಮನ ಕಡೆ ನೋಡಿದೆವು.

“ನನ್ಯಾಕೆ ನೋಡ್ತೀರಾ? ಮಗ್ಗಕ್ಕೂ ಇಟ್ಟಿದ್ನಲ್ಲ, ಅದೇನಾದ್ರೂ ಕೂಗ್ತಾ?” ಎಂದಳು ಅಮ್ಮ.

ಅಪ್ಪನಿಗೆ ಜೀವ ಬಂತು. “ಹೂವಿಂದು ಅಷ್ಟೇ. ಇನ್ನೊಂದು ಡಬ್ಬ ಗಿಬ್ಬ ಏನೂ ಬೇಡ ಬಿಡು.”

ಅಕ್ಕ ಮುಚ್ಚಳ ಹಾಕಿ ಡಬ್ಬವನ್ನು ಮತ್ತೆ ಓಡಿಸಿದಳು. ಮಾರನೆಯ ದಿನ ವಿಜಯದಶಮಿ, ಮಗ್ಗ ಇನ್ನೂ ಸುಮ್ಮನಿತ್ತು. ನಾವೆಲ್ಲ ಶೆಲ್ಫಿನ ಸುತ್ತ ನಿಂತು ಕೇಳಿದೆವು. ಫ್ಯಾನಿಗೆ ಎಸಳು ತಾಗುತ್ತಿದ್ದ ಟಿಕ್ ಟಿಕ್ ಹೋಗಿತ್ತು. ಆದರೆ ಅದರ ಒಳಗೆ, ಇನ್ನೂ ಆಳದಲ್ಲಿ, ಆಗೊಮ್ಮೆ ಈಗೊಮ್ಮೆ ಒಂದು ಟಿಕ್ ಇತ್ತು. ಇತ್ತು ಎಂದು ಅಕ್ಕ, ಇಲ್ಲ ಎಂದು ಅಪ್ಪ. ಅದು ಹುಟ್ಟಿದಾಗಿನಿಂದಲೂ ಇದ್ದದ್ದೋ, ಹೊಸದಾಗಿ ಬಂದ ರೋಗವೋ ಹೇಳುವವರು ಯಾರೂ ಇರಲಿಲ್ಲ. ನಾನು ಒಮ್ಮೆ ಇತ್ತು ಎಂದೆ, ಒಮ್ಮೆ ಇಲ್ಲ ಎಂದೆ, ಎರಡೂ ಸಲ ನಿಜವಾಗಿ ಹಾಗೇ ಅನಿಸಿತ್ತು.

“ಅಪ್ಪ, ಇದು ಇವತ್ತು ಹೋಗ್ಲಿ, ಇನ್ ಹತ್ತು ವರ್ಷ ಬಿಟ್ಟು ಹೋಗ್ಲಿ, ಹೋಗೋದಂತೂ ಹೋಗುತ್ತೆ” ಎಂದಳು ಅಕ್ಕ. “ತಾತನ ಹಾಳೆ ಇದ್ದಂಗೆ ಇದೂ ಒಂದೇ ಇದೆ.”

“ಇನ್ನೊಂದು ತಗೋ ಅಂದ್ನಲ್ಲ. ಇಲ್ಲೇ ಇಡು.”

“ಇಲ್ಲೇ ಇಟ್ರೆ ಎರಡೂ ಒಂದೇ ಪ್ಲಗ್ಗಲ್ಲಿ ಸುಟ್ಟು ಹೋಗ್ತವೆ.”

“ಹೊಸ್ತಿಲು ದಾಟಿದ್ ಡಿಸೈನು ನಮ್ದಾಗಿ ಉಳ್ಯಲ್ಲಮ್ಮ.”

“ಸೀರೆ ದಾಟಲ್ವಾ ಹೊಸ್ತಿಲು? ಅದನ್ನ ನೋಡ್ಕೊಂಡೇ ಅಲ್ವಾ ಪಕ್ಕದ್ ಬೀದೀಲಿ ನೇಯೋದು? ಸೂಲಿಬೆಲೇಲಿ ಯಾರಿದಾರೆ ಕದಿಯೋಕೆ, ಹಸುನಾ?” ಅಕ್ಕನ ದನಿ ಅಲ್ಲಿಯವರೆಗೂ ಜಗಳದ್ದಾಗಿತ್ತು. ಆಮೇಲೆ ಸಣ್ಣಗಾಯಿತು. “ದಾಟಿದ್ದು ನಾನೂ ಅಲ್ವಾ ಅಪ್ಪ. ನಾನು ಬಿಡಿಸಿದ್ದು ಇಲ್ಲಿದ್ರೆ ನಮ್ಮನೇದು, ನನ್ ಜೊತೆ ಇದ್ರೆ ಬೇರೆಯೋರ್ದಾ?”

ಇಂಥ ಹೊತ್ತಿನಲ್ಲಿ ಅಪ್ಪ ಮಗ್ಗದ ಸ್ವಿಚ್ ಹಾಕುತ್ತಾನೆ. ಮಾತು ಮುಗಿಸಲು ಅವನಿಗೆ ಗೊತ್ತಿರುವ ದಾರಿ ಅದೊಂದೇ. ಎದ್ದು ಹಿಂದಿನ ಮಗ್ಗಗಳ ಕಡೆ ಹೋದ. ನಾವು ಕಾದೆವು. ಹಬ್ಬದ ಮಗ್ಗವನ್ನು ಮುಟ್ಟುವಂತಿಲ್ಲ ಎಂದು ಅವನಿಗೆ ಅಲ್ಲಿ ನೆನಪಾಗಿರಬೇಕು. ಸೇವಂತಿಗೆ ಮುಡಿದ ಮಗ್ಗದ ಎದುರು ಸುಮ್ಮನೆ ನಿಂತಿದ್ದ. ನಾನು ಬಾಗಿಲಿನಿಂದ ಇಣುಕಿದೆ. ಅವನ ಆ ನಿಲುವನ್ನು ನಾನು ಈವರೆಗೂ ಅಣಕಿಸಿಲ್ಲ. ಅಣಕಿಸಲು ಅದರಲ್ಲಿ ಏನೂ ಇರಲಿಲ್ಲ, ಒಬ್ಬ ಮನುಷ್ಯ ಕೈ ಕಟ್ಟಿಕೊಂಡು ನಿಂತಿದ್ದ, ಅಷ್ಟೇ.

ಬಹಳ ಹೊತ್ತಿನ ಮೇಲೆ ತಿರುಗಿ ನನ್ನನ್ನು ನೋಡಿದ. ಅಷ್ಟು ನಿಶ್ಶಬ್ದವಿದ್ದರೂ ಅಭ್ಯಾಸಬಲದಿಂದ ದನಿಯಿಲ್ಲದೆ ತುಟಿಯಲ್ಲೇ ಹೇಳಿದ. “ಅವಳ್ ಹೇಳಿದ್ ಡಬ್ಬ ತಂದ್ಕೊಡು.”

ಯಾವ ಡಬ್ಬ ಎಂದು ನಿಜವಾಗಿ ಆರಿಸಿದವಳು ಅಕ್ಕನೇ. ಅಂಗಡಿಯವನ ಹತ್ತಿರ ಫೋನಿನಲ್ಲಿ ಮಾತಾಡಿದಳು. ಒಂದೇ ಡಿಸ್ಕಿನ ಸಣ್ಣ ಡಬ್ಬ, ಡಿಸ್ಕ್ ಮಾತ್ರ ಹೊಸದು, ದಿನವಿಡೀ ಓಡುವಂಥದು. “ಇದು ಕಾಪಿ ಇಡೋ ಡಬ್ಬ, ಕಾಪಿಗೆ ಇನ್ನೊಂದು ಕಾಪಿ ಯಾಕೆ” ಎಂದು ಕೇಳಿದಳು, ಅವನೂ ಒಪ್ಪಿದ. ಬಜೆಟ್ಟು ಸ್ವಲ್ಪ ಜಾರಿತು. ಆ ಸ್ವಲ್ಪದ ಬಗ್ಗೆ ಅಪ್ಪನಿಗೆ ವಿಮರ್ಶಕನ ದನಿಯಲ್ಲಿ ಎಷ್ಟು ಹೊತ್ತು ವಿವರಿಸಿದೆನೆಂದರೆ ಕೊನೆಗೆ ಅವನು, “ಆಯ್ತು ನಿಲ್ಸು, ಕೊಡ್ತೀನಿ” ಎಂದ. ಹಳೆಯದರಲ್ಲಿದ್ದದ್ದೆಲ್ಲ ಹೊಸದಕ್ಕೆ ಹೋಗುವವರೆಗೂ ಎರಡನ್ನೂ ಒಂದೇ ಶೆಲ್ಫಿನಲ್ಲಿ ಇಟ್ಟಿದ್ದೆವು. ಅಮ್ಮ ಹೂಬುಟ್ಟಿಯನ್ನು ಆ ಕಡೆಗೆ ತರಲಿಲ್ಲ.

ಸೂಲಿಬೆಲೆಗೆ ಅದನ್ನು ಹೊತ್ತೊಯ್ದವನು ಅಪ್ಪ. ನಾನು ಒಯ್ಯುತ್ತೇನೆ ಎಂದರೆ ಕೊಡಲಿಲ್ಲ. ರೇಷ್ಮೆ ಸೀರೆ ಸುತ್ತುವ ಬಿಳಿ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತ. ದೇವನಹಳ್ಳಿ ದಾಟಿದ ಮೇಲೆ ರಸ್ತೆ ಕುಲುಕಿದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದ. ಕಂಡಕ್ಟರ್ ಕೇಳಿದ, “ಏನ್ ಯಜಮಾನ್ರೇ, ದೇವ್ರಾ?”

“ಡಿಸೈನು” ಎಂದ ಅಪ್ಪ. ತಕ್ಷಣ ಬಾಯಿ ಮುಚ್ಚಿಕೊಂಡ. ಉಳಿದ ದಾರಿಯುದ್ದಕ್ಕೂ ಕಂಡಕ್ಟರನನ್ನು ಪಕ್ಕದ ಬೀದಿಯವನಂತೆ ನೋಡುತ್ತಿದ್ದ.

ಅಕ್ಕನ ಮನೆಯಲ್ಲಿ ಹಾಲಿನ ಕ್ಯಾನುಗಳ ಆಚೆ, ನಡುಮನೆಯ ಎತ್ತರದ ಹಲಗೆಯ ಮೇಲೆ ಜಾಗ ಮಾಡಿದ್ದರು. ಅಕ್ಕ ವೈರುಗಳನ್ನು ಸಿಕ್ಕಿಸುತ್ತಿದ್ದಾಗ ಅವಳ ಅತ್ತೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. ತಟ್ಟೆಯಲ್ಲಿ ಒಂದು ಮೊಳ ಮಲ್ಲಿಗೆ.

“ಹೂವ ಬೇಡ” ಎಂದೆವು ಅಪ್ಪ, ಅಕ್ಕ, ನಾನು ಮೂರೂ ಜನ, ಒಂದೇ ದನಿಯಲ್ಲಿ.

ಅತ್ತೆ ಬೆಚ್ಚಿ ನಿಂತರು. ನೇಕಾರರ ಮನೆಯವರಿಗೆ ಹೂವೂ ಆಗುವುದಿಲ್ಲವೇ ಎಂದು ಅವರಿಗೆ ಅನಿಸಿರಬೇಕು. ಅಕ್ಕ ಆ ಮಲ್ಲಿಗೆಯನ್ನು ತಾನು ಮುಡಿದುಕೊಂಡಳು.

ಆ ಎರಡು ಡಬ್ಬಗಳು ಅಷ್ಟು ದೂರದಿಂದ ಇಂಟರ್‌ನೆಟ್‌ನಲ್ಲಿ ಒಂದಕ್ಕೊಂದು ಹೇಗೆ ಹೇಳಿಕೊಳ್ಳುತ್ತವೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಅಕ್ಕ ಹೇಳಿಕೊಟ್ಟಿದ್ದಾಳೆ, ನಾನು ಅದನ್ನು ಅವಳದೇ ದನಿಯಲ್ಲಿ ತಪ್ಪಿಲ್ಲದೆ ಒಪ್ಪಿಸಬಲ್ಲೆ. ಅಷ್ಟೇ ನನ್ನ ಜ್ಞಾನ.

ಕೆಲವು ದಿನಗಳ ಮೇಲೆ ಅಕ್ಕನ ಫೋನ್ ಬಂತು. ಮಗ್ಗಗಳು ಭರ್ಜರಿಯಾಗಿ ಓಡುತ್ತಿದ್ದವು. ನಾನು ಸ್ಪೀಕರ್ ಹಾಕಿ ಕಿವಿಗೆ ಒತ್ತಿಕೊಂಡೆ. “ಅತ್ತೆ ಹೇಳ್ತಾರೆ, ಈ ಡಬ್ಬ ಗೊಣಗುತ್ತಂತೆ. ಅವರಿಗೆ ನಿದ್ದೆ ಬರಲ್ವಂತೆ. ಇದು ಸರಿಯಾಗಿ ಕೂಗ್ತಿದ್ಯೋ ಇಲ್ವೋ ಗೊತ್ತಾಗ್ತಿಲ್ಲ.”

ಅಪ್ಪ ನನ್ನ ತುಟಿ ಅಲ್ಲಾಡುವುದನ್ನೇ ನೋಡುತ್ತಾ ಹತ್ತಿರ ಬಂದ. ವಿಷಯ ಹೇಳಿದೆ. ಅವನು ಹಿಂದೆ ಹೋಗಿ ಒಂದು ಮಗ್ಗ ನಿಲ್ಲಿಸಿದ. ಆಮೇಲೆ ಇನ್ನೊಂದು. ಎಳೆ ತುಂಡಾಗದೆ, ಕರೆಂಟ್ ಹೋಗದೆ, ಹಬ್ಬವೂ ಇಲ್ಲದೆ ನಮ್ಮ ಮನೆಯ ಅಷ್ಟೂ ಮಗ್ಗ ನಿಂತವು. ಪಕ್ಕದ ಮನೆಯವರು ಏನಾಯಿತೋ ಎಂದು ಬಾಗಿಲಿಗೆ ಬಂದರು.

“ಫೋನ್ ಡಬ್ಬದತ್ರ ಹಿಡಿಯಮ್ಮ” ಎಂದ ಅಪ್ಪ.

ಅಕ್ಕ ಹಿಡಿದಳು. ಸಣ್ಣ ಗುಂಯ್‌ಗುಡುವಿಕೆ, ಅದರ ನಡುವೆ ಮೆತ್ತಗೆ ಟಿಕ್, ಸ್ವಲ್ಪ ಬಿಟ್ಟು ಟಿಕ್ ಟಿಕ್. ಹಿಂದೆ ಎಲ್ಲೋ ಒಂದು ಹಸು. ಅಪ್ಪ ಕಣ್ಣು ಮುಚ್ಚಿ ಕೇಳಿದ. ನಂತರ ನನಗೆ ಹೇಳಿದ, “ಇದು ಹೊಸಾ ಡಬ್ಬದ್ದು. ಚೆನ್ನಾಗಿದ್ದಾಗ ಹಿಂಗ್ ಕೂಗುತ್ತೆ. ಕಲ್ತಿಟ್ಕೋ. ಏನೂ ಸೇರಿಸ್ಬೇಡ.”

ನನ್ನ ಕಸುಬಿಗೆ ಅಪ್ಪ ಕೊಟ್ಟ ಮೊದಲ ಕೆಲಸ ಅದು. ನಾನು ಗಂಟಲು ಸರಿ ಮಾಡಿಕೊಂಡೆ.

ಅಪ್ಪ ಫೋನಿಗೆ ಬಾಗಿದ. ಮಗ್ಗದ ಸದ್ದಿಲ್ಲದಿದ್ದರೂ ಜೋರಾಗಿಯೇ ಹೇಳಿದ. “ದೀಪಾವಳಿ ಸೀರೆ ಡಿಸೈನು ಅಲ್ಲಿಂದ್ಲೇ ಕಳ್ಸು. ಬಸ್ಸಿಗೆ ಬರೋದ್ ಬೇಡ.”

ಆ ಕಡೆಯಿಂದ ಹಸು ಕೂಗಿತು. ಆ ಹೊತ್ತಿಗೆ ಸರಿಯಾಗಿ ನಾನು ಕಲಿತದ್ದನ್ನು ಒಪ್ಪಿಸಿದೆ, ಟಿಕ್, ಟಿಕ್ ಟಿಕ್.

ಅಡುಗೆಮನೆಯಿಂದ ಗೋಡೆ ಕುಟ್ಟಿದ ಸದ್ದು ಕೇಳಿತು. “ಕೃಷ್ಣ ಕೃಷ್ಣ” ಎಂದಳು ಅಮ್ಮ.